ರಿವರ್ಸ್ ಗೇರಿನ ‘ರೀ’

ನಮ್ಮ ಜಿನ್ನಪ್ಪನ ಅಂಗಡಿ ಬೋರ್ಡಿನ ಮ್ಯಾಲ ಮೊದಲ ‘ಆಟೋ ಇಲೆಕ್ಟ್ರಿಕಲ್ಸ್’ ಅಂತ ಅಷ್ಟ ಇತ್ತು. ಹೋದ ವರ್ಷ ಪೇಂಟರನ್ನ ಕರಿಸಿ ಅದರ ಕೆಳಗ ‘ಮತ್ತು ಸಂಶೋಧನೆ’ ಅಂತ ಎರಡ ಶಬ್ದ ಬರಸಿದ. ಎರಡ ಶಬ್ದ, ಅಷ್ಟ. ಮುಂದ ಚಿಕ್ಕೋಡಿಯಿಂದ ರಾಯಬಾಗತನಕ ಗಂಡ-ಹೆಂಡರ ನಡುವ ಏನೇನ ಆತಲ್ಲ, ಅದಕ್ಕೆಲ್ಲಾ ಆ ಎರಡ ಶಬ್ದಾನ ಕಾರಣ ಅಂತ ನಾ ಯಾವ ಕೋರ್ಟಿನಾಗ ಬೇಕಾದ್ರೂ ನಿಂತ ಹೇಳ್ತೀನಿ.

ನಾ ಯಾರು ಅಂದ್ರ, ಅವನ ಬಾಜೂ ಅಂಗಡಿ ಟೇಲರ್. ಅಂಗಿ ಹೊಲೀತೀನಿ, ಟ್ರ್ಯಾಕ್ಟರ್ ಸೀಟಿನ ಕವರ್ ಹೊಲೀತೀನಿ. ನಮ್ಮ ಕಡೆ ಟ್ರ್ಯಾಕ್ಟರ್ ಹಿಂದ ಜೋಡಸೋ ಟ್ರೇಲರಿಗೂ ‘ಟೇಲರ್’ ಅಂತನ ಅಂತಾರ. ‘ಏ, ಟೇಲರ್ ಹಿಂದ ತಗೋಳೋ!’ ಅಂತ ಯಾರರ ರಸ್ತಾದಾಗ ಒದರಿದ್ರ ಇಪ್ಪತ್ತ ವರ್ಷದಿಂದ ನಾ ಮಷೀನ್ ಬಿಟ್ಟ ಎದ್ದ ನಿಂದ್ರತೀನಿ. ಹಿಂಗಾಗಿ ಹಿಂದ ತಗೊಳ್ಳೋ ವಿಷಯದಾಗ ಮಾತಾಡೋ ಹಕ್ಕು ನನಗೂ ಐತಿ.

ಸಂಶೋಧನೆ ಅಂದ್ನಲ್ಲ, ಜಿನ್ನಪ್ಪನ ಮೊದಲನೇ ಸಂಶೋಧನೆ ಟ್ರ್ಯಾಕ್ಟರ್ ಸೀಟಿನ ಕೆಳಗ ಹಾಕೋ ಸ್ಪ್ರಿಂಗು. ಸೊಂಟ ನೋವ ಬರೂದಿಲ್ಲ ಅಂತ ಹೇಳಿ ಮಲಕಾರಿ ಅನ್ನೋ ಡ್ರೈವರಗ ಹಾಕಿಕೊಟ್ಟ. ಮಲಕಾರಿ ಕಬ್ಬೂರ ರಸ್ತಾದಾಗ ಒಂದ ತೆಗ್ಗ ದಾಟಿದ. ದಾಟೂಮುಂದ ಸೀಟಿನ ಮ್ಯಾಲ ಇದ್ದ, ದಾಟಿದ ಮ್ಯಾಲ ಬಾನೆಟ್ ಮ್ಯಾಲ ಇದ್ದ. ಸೊಂಟ ನೋವ ಬರಲಿಲ್ಲ, ಅದು ಖರೆ. ಮೊಣಕಾಲ ನೋವ ಬಂತು.

ಮಲಕಾರಿ ಸಾದಾ ಡ್ರೈವರ್ ಆಗಿದ್ರ ಅಲ್ಲಿಗೇ ಮುಗೀತಿತ್ತು. ಅಂವ ‘ಸ್ಟೇರಿಂಗ್ ಸರದಾರರ ಬಳಗ’ದ ಮನಷ್ಯಾ. ಈ ಬಳಗ ಅಂದ್ರ ಏನಂತ ಹೇಳಲಿ! ಹೆಂಡತಿ ಹುಟ್ಟಿದ ದಿನ ಗೊತ್ತಿಲ್ಲ, ಟ್ರ್ಯಾಕ್ಟರ್ ಶೋರೂಮಿನಿಂದ ಹೊರಬಿದ್ದ ದಿನ ಪೇಢೆ ಹಂಚತಾರ. ಮನಿಗೆ ಸುಣ್ಣಾ ಇಲ್ಲ, ಟ್ರ್ಯಾಕ್ಟರಿಗೆ ವರ್ಷಕ್ಕೊಮ್ಮೆ ಬಣ್ಣಾ. ಇವರ ಜೀವದ ಆಟ ಅಂದ್ರ ರಿವರ್ಸ್ ಸ್ಪರ್ಧೆ. ಎರಡ ಟೇಲರ್ ಜೋಡಿಸಿ, ಎರಡೂ ಕಡೆ ಹಗ್ಗಾ ಕಟ್ಟಿದ ದಾರ್ಯಾಗ ಹಗ್ಗಾ ಮುಟ್ಟದಂಗ ಹಿಂದಹಿಂದಕ್ಕ ಹೊಡಕೊಂತ ಹೋಗಬೇಕು. ಮುಂದ ಹೋಗಾಕ ಬರದ ಮಂದಿ ಐತಿ ಜಗತ್ತಿನಾಗ, ಇವರು ಹಿಂದ ಹೋಗೂದ್ರಾಗ ಬಹುಮಾನದ ಢಾಲು ಗೆಲ್ತಾರ.

ಬಳಗಕ್ಕ ಹಿರಿಯಾ ಕಬ್ಬೂರ ಲಗಮಣ್ಣ. ಆಂವ ಹೂಂ ಅಂದ್ರ ನಾಲ್ಕ ತಾಲೂಕಿನ ಡ್ರೈವರ್‌ಗೋಳು ಹೂಂ ಅಂದಂಗ. ಆಂವ ಹೂಂ ಅನ್ನದ ಒಂದ ಬೋಲ್ಟ್ ಸುದ್ಧಾ ಯಾರೂ ಟ್ರ್ಯಾಕ್ಟರಿಗೆ ಹಚ್ಚಸೂದಿಲ್ಲ. ಜಿನ್ನಪ್ಪ ಎರಡನೇ ಸಂಶೋಧನೆ ಕೈಯಾಗ ಹಿಡಕೊಂಡ ಅವನ ಮುಂದ ಹೋಗಿ ನಿಂತ. ಸಾಕ್ಷಿಗೆ ನನ್ನನ್ನ ಕರಕೊಂಡ ಹೋಗಿದ್ದ.

“ಏನದು?” ಅಂದ ಲಗಮಣ್ಣ.

“ಮಾತಾಡೋ ಹಾರ್ನ್ ರಿ ಅಣ್ಣಾರ. ರಿವರ್ಸ್ ಗೇರ್ ಹಾಕಿದ್ರ ಸಾಕು, ತಾನ ಮಾತಾಡತೈತಿ. ಹಿಂದ ಇದ್ದಾವರು ಸರೀತಾರ, ಡ್ರೈವರಗೂ ಎಚ್ಚರ ಆಗತೈತಿ.”

“ನಮಗ ದೇವರು ಕುತ್ತಿಗಿ ಕೊಟ್ಟಾನಲ್ಲೋ ತಿರಗಾಕ.”

“ಕುತ್ತಿಗಿ ಐತ್ರಿ. ತಿರಗಸ್ತೀರೇನು?”

ಲಗಮಣ್ಣಗ ಇದು ನಟ್ಟಿತು. ಹಿಂದಿನ ತಿಂಗಳಷ್ಟ ಅಂವ ತನ್ನ ಅಂಗಳದಾಗ ರಿವರ್ಸ್ ತಗೊಳ್ಳಾಕ ಹೋಗಿ, ಮಗಳು ಮನೀಷಾನ ಹೊಸಾ ಸ್ಕೂಟಿ ಮ್ಯಾಲ ಟೇಲರ್ ಹತ್ತಿಸಿದ್ದ. ಸ್ಪರ್ಧೆದಾಗ ಕೂದಲಿನಷ್ಟೂ ಸರಿಯದಾಂವ ಮನ್ಯಾಗ ನೋಡೂದಿಲ್ಲ. ಯಾರ ಎಷ್ಟ ಒದರಿದ್ರೂ ಬ್ರೇಕ್ ಹಾಕೂದಿಲ್ಲ.

“ಗ್ಯಾರಂಟಿ ಏನು?”

“ನನ್ನ ಮಾತ ಗ್ಯಾರಂಟಿ ರಿ.”

“ಮಲಕಾರಿಗೂ ಮಾತ ಕೊಟ್ಟಿದ್ದಿ,” ಅಂದ ಲಗಮಣ್ಣ. “ನೋಡ ಜಿನ್ನಪ್ಪಾ, ಇದ ಕಡೀದು. ಬರೋ ಐತವಾರ ನಮ್ಮ ಅಂಗಳಕ್ಕ ಬಾ. ಬಳಗದ ಮುಂದ ಹಚ್ಚೂಣು. ಚಲೋ ಆದ್ರ ಎಲ್ಲಾರೂ ಹಚ್ಚಸ್ತೀವಿ. ಇಲ್ಲಂದ್ರ ಬೋರ್ಡಿನ ಮ್ಯಾಲಿನ ಸಂಶೋಧನೆ ನೀನ ನಿನ್ನ ಕೈಲೆ ಅಳಸಬೇಕು.”

ವಾಪಸ್ ಬರೂಮುಂದ ಜಿನ್ನಪ್ಪ ಬೈಕ್ ಹೊಡಿಯಾಕತ್ತಿದ್ದ, ನಾ ಹಿಂದ ಕುಂತಿದ್ನಿ. ಚಿಕ್ಕೋಡಿ ಹತ್ತರ ಬಂದಾಗ ಅಂದ, “ಟೇಲರ, ನನ್ನ ಜನ್ಮದಾಗ ಒಂದ ಸಾಮಾನರ ಮಂದಿ ನಂಬಿ ಹಚ್ಚಿಸಿಕೊಂಡ್ರ ಸಾಕಪಾ. ಒಂದ.”

ಹಾರ್ನಿನ ಇಪ್ಪತ್ತೈದ ಖಾಲಿ ಡಬ್ಬಿ ಕೊಲ್ಲಾಪುರದಿಂದ ಬಂದಿದ್ದು. ಒಳಗ ದನಿ ತುಂಬೂದು ಜಿನ್ನಪ್ಪನ ಕೆಲಸ. ಏನ ಮಾತಾಡಸಬೇಕು ಅನ್ನೂದನ್ನ ಹೈಸ್ಕೂಲಿನ ವೃಷಭ ಮಾಸ್ತರು ಬರದ ಕೊಟ್ಟಿದ್ರು: ‘ಮಾನ್ಯರೇ, ವಾಹನವು ಹಿಮ್ಮುಖವಾಗಿ ಚಲಿಸುತ್ತಿದೆ. ದಯಮಾಡಿ ಎಚ್ಚರ ವಹಿಸಿರಿ.’ ಓದೂದು ಜಿನ್ನಪ್ಪನ ಹೆಂಡತಿ ಕುಸುಮಾ. ನಾ ಹೊಲಿದ ಅಂಗಿ ಕೊಡಾಕಂತ ಹೋದಾಂವ ಅಲ್ಲೇ ಚಾ ಕುಡಕೊಂತ ಕುಂತಿದ್ನಿ.

“ಹಿಮ್ಮುಖ ಅಂದ್ರ ಏನ್ರಿ? ಹಿಂದ ಮುಖ ಇದ್ದಾಂವಾ?” ಅಂದ್ಲು ಕುಸುಮಾ.

“ನೀ ಓದು. ಅರ್ಥ ಡ್ರೈವರ್‌ಗೋಳು ಮಾಡಿಕೋತಾರ.”

ಆಕಿ ಓದಿದ್ಲು. ಏನ ಚಂದ ಓದಿದ್ಲ್ರಿ! ರೇಡಿಯೋದಾಗ ಹವಾಮಾನ ಹೇಳಿದಂಗ. ಆದ್ರ ಸಂಶೋಧಕಗ ಸಮಾಧಾನ ಆಗಬೇಕಲ್ಲ? “ಇನ್ನೊಮ್ಮೆ ಓದು, ನಾ ಸ್ವಲ್ಪ ದೂರ ನಿಂತ ಹಿಡೀತೀನಿ” ಅಂದಾಂವ ಮೊಬೈಲ್ ಮುಂದ ಹಿಡಕೊಂಡ ಹಿಂದಹಿಂದಕ್ಕ ಸರಕೊಂತ ಹೋದ. ಹಿಂದ ಅಂಗಳದಾಗ ಧೋತರದ ಮ್ಯಾಲ ಕುಸುಮಾ ಮುಂಜಾನಿಂದ ಹಾಕಿದ ಸಂಡಿಗಿ ಒಣಗಾಕತ್ತಿದ್ದು.

“ರೀ! ಏ ರೀ! ಕಣ್ಣ ಎಲ್ಲಿಟ್ಟೀರಿ? ಹಿಂದ ನೋಡ್ರಿ, ಹಿಂದ! ಎಲ್ಲಾ ತುಳದ ಹಾಳ ಮಾಡ್ತೀರಲ್ರಿ!”

ಇಷ್ಟ ಹೇಳೂದ್ರಾಗ ಜಿನ್ನಪ್ಪ ಸಂಡಿಗಿ ನಡುವ ನಿಂತಿದ್ದ. ಆಮ್ಯಾಲ ಇಬ್ಬರೂ ಅರ್ಧಾ ತಾಸು ಜಗಳಾಡಿದ್ರು. ನಾ ಎರಡನೇ ಕಪ್ ಚಾ ಕುಡದ ಬಂದ್ನಿ.

ಮೊಬೈಲಿನಾಗ ಎರಡ ರೆಕಾರ್ಡ್ ಇದ್ದು. ಒಂದ ಹವಾಮಾನ, ಒಂದ ಸಂಡಿಗಿ. ಜಿನ್ನಪ್ಪ ಯಾವುದು ಯಾವುದಂತ ನೋಡದ ಇಪ್ಪತ್ತೈದೂ ಡಬ್ಬಿಗೆ ಸಂಡಿಗೀದನ್ನ ತುಂಬಿದ. ತುಂಬಿದ ಮ್ಯಾಲ ಒಂದ ಡಬ್ಬಿ ಕಿವಿಗೆ ಹಿಡದ ತಪಾಸಣಿ ಮಾಡಿದ, ಅದನ್ನ ನಾ ಕಣ್ಣಾರೆ ಕಂಡೀನಿ. ಒಂದ ಕ್ಷಣ ಕೇಳಿ, “ಕುಸುಮಾನ ದನಿ ಐತಿ. ಬರೋಬ್ಬರಿ ಐತಿ” ಅಂದಾಂವನ ಬಂದ್ ಮಾಡಿದ. ಹದಿನೆಂಟ ವರ್ಷದ ಸಂಸಾರ ನೋಡ್ರಿ. ಹೆಂಡತಿ ದನಿ ಕೇಳೂದು ಬ್ಯಾರೆ, ಮಾತ ಕೇಳೂದು ಬ್ಯಾರೆ. ಜಿನ್ನಪ್ಪಗ ದನಿ ಅಷ್ಟ ಕೇಳತಿತ್ತು.

ಐತವಾರ ಲಗಮಣ್ಣನ ಅಂಗಳದಾಗ ಬಳಗ ಕೂಡಿತ್ತು. ಹದಿನೈದ-ಇಪ್ಪತ್ತ ಮಂದಿ. ಮಲಕಾರಿ ಮೊಣಕಾಲ ನೀವಿಕೊಂತ ಮುಂದ ಕುಂತಿದ್ದ. ತಾ ಬರದ ಮಾತ ಕೇಳಾಕಂತ ವೃಷಭ ಮಾಸ್ತರೂ ಇಸ್ತ್ರಿ ಅಂಗಿ ಹಾಕ್ಕೊಂಡ ಬಂದಿದ್ರು. ಜಿನ್ನಪ್ಪ ಡಬ್ಬಿ ಹಚ್ಚಿ, ವಾಯರ್ ಕೂಡಿಸಿ, ಒಂದ ಸಣ್ಣ ಭಾಷಣ ಮಾಡಿದ: “ಈ ಡಬ್ಬಿಯೊಳಗ ಸಭ್ಯತಾ ಐತಿ, ಸಂಸ್ಕೃತಿ ಐತಿ.”

ಲಗಮಣ್ಣ ಸೀಟಿನ ಮ್ಯಾಲ ಹತ್ತಿದ. ಎಂದಿನಂಗ, ಹಿಂದ ಏನೈತಿ ಅಂತ ನೋಡಲಿಲ್ಲ. ಗೇರ್ ಹಾಕಿದ.

“ರೀ! ಏ ರೀ! ಕಣ್ಣ ಎಲ್ಲಿಟ್ಟೀರಿ?”

ಅಷ್ಟ ಕೇಳಿದ್ದ ತಡ, ಲಗಮಣ್ಣ ಎರಡೂ ಕಾಲಿಲೆ ಬ್ರೇಕ್ ತುಳದ. ಟ್ರ್ಯಾಕ್ಟರ್ ನಿಂತಲ್ಲೇ ಕುಣೀತು. “ಹಿಂದ ನೋಡ್ರಿ, ಹಿಂದ!” ಅಂತು ಡಬ್ಬಿ. ಲಗಮಣ್ಣ ಹಿಂದ ನೋಡಿದ. ಟೇಲರಿನ ಹಿಂದ ಎರಡ ಬೆರಳಿನ ಅಂತರದಾಗ ಮಲಕಾರಿಯ ಬೈಕ್ ಇತ್ತು.

ಜಿನ್ನಪ್ಪನ ಮಾರಿ ಬಿಳಿ ಆಗಿತ್ತು. ವೃಷಭ ಮಾಸ್ತರು “ಇದು ನಾ ಬರದದ್ದಲ್ಲ” ಅಂತ ಎಡಕ್ಕೂ ಹೇಳಿದ್ರು, ಬಲಕ್ಕೂ ಹೇಳಿದ್ರು. ಮಲಕಾರಿ ಎದ್ದ, ಬೈಕ್ ಸವರಿದ, ಜಿನ್ನಪ್ಪನ ಹತ್ತರ ಬಂದ. ಹೊಡೀತಾನ ಅಂತ ನಾ ಕಣ್ಣ ಮುಚ್ಚಿದ್ನಿ.

“ಜಿನ್ನಪ್ಪಣ್ಣಾ,” ಅಂದ ಮಲಕಾರಿ, “ನನಗೊಂದ ಹಚ್ಚು.”

ಆಮ್ಯಾಲ ಗದ್ದಲಂದ್ರ ಗದ್ದಲ. “ಲಗಮಣ್ಣಗ ಬ್ರೇಕ್ ಹಾಕಿಸಿತಂದ್ರ ಇದು ಸಾದಾ ಸಾಮಾನಲ್ಲ!” “ಪೀಂ ಪೀಂ ಅಂದ್ರ ಯಾಂವ ಕೇಳ್ತಾನಲೇ? ಇದು ನೋಡು, ಕಾಲು ತಾನ ಬ್ರೇಕಿಗೆ ಹೋಗತೈತಿ!” ನಾಲ್ಕ ತಾಲೂಕು ಹೂಂ ಅಂತು. ಜಿನ್ನಪ್ಪ ಅಳೂದೋ ನಗೂದೋ ತಿಳೀದ ಕೈ ಮುಗಕೊಂತ ನಿಂತ.

ಆಗ ಅಡಗಿಮನಿಯಿಂದ ಲಗಮಣ್ಣನ ಹೆಂಡತಿ ಗೌರಾಬಾಯಿ ಹೊರಗ ಬಂದ್ಲು. ಕೈಯಾಗ ಲಟ್ಟಣಗಿ ಇತ್ತು.

“ಯಾರಕಿ ಅಕಿ?”

“ಯಾರಿಲ್ಲ, ಡಬ್ಬಿ,” ಅಂದ ಲಗಮಣ್ಣ.

“ಡಬ್ಬಿ ‘ರೀ’ ಅಂತೈತೇನು? ನಿಮಗ ‘ರೀ’ ಅನ್ನಾಕ ಈ ಮನ್ಯಾಗ ನಾ ಒಬ್ಬಾಕಿ ಅದೀನಿ.”

ಇಲ್ಲಿ ಹೊರಗಿನವರಿಗೆ ಒಂದ ಮಾತ ಹೇಳಬೇಕು. ನಮ್ಮ ಕಡೆ ಹೆಂಡಂದ್ರು ಗಂಡನ ಹೆಸರ ಹಿಡದ ಕರಿಯೂದಿಲ್ಲ, ಕರದ್ರ ಗಂಡನ ಆಯುಷ್ಯ ಕಡಿಮಿ ಆಗತೈತಂತ. ನಿಪ್ಪಾಣಿ ಕಡೆ ಮರಾಠಿಯೊಳಗ ‘ಅಹೋ’ ಅಂತಾರ, ನಾವು ಕನ್ನಡದಾಗ ‘ರೀ’ ಅಂತೀವಿ. ಆ ಒಂದ ಅಕ್ಷರದಾಗ ಗಂಡನ ಹೆಸರು, ಅಡ್ಡಹೆಸರು, ಊರು ಎಲ್ಲಾ ಬಂತು.

ವೃಷಭ ಮಾಸ್ತರು ನಡುವ ಬಂದ್ರು. “ತಂಗಿ, ರೀ ಅನ್ನೋದು ಗೌರವ ಸೂಚಿಸೋ ಶಬ್ದ. ಬಸ್ಸಿನಾಗ ಕಂಡಕ್ಟರ್ ಸುದ್ಧಾ ‘ರೀ, ಟಿಕೇಟ್ ತಗೋರಿ’ ಅಂತಾನ. ಅದರಾಗ ತಪ್ಪ ತಿಳಕೊಳ್ಳೂದೇನಿಲ್ಲ.”

“ಮಾಸ್ತರ, ‘ಏ ರೀ, ಕಣ್ಣ ಎಲ್ಲಿಟ್ಟೀರಿ’ ಅಂತ ಕಂಡಕ್ಟರ್ ನಿಮಗ ಅಂತಾನೇನ್ರಿ?”

ಮಾಸ್ತರು ಚಪ್ಪಲಿ ಹುಡಕಾಕತ್ತಿದ್ರು.

“ಅದೂ ಇರಲಿ,” ಅಂದ್ಲು ಗೌರಾಬಾಯಿ, ಈಗ ಕಣ್ಣಾಗ ನೀರ ತಂದು. “ಇಪ್ಪತ್ನಾಲ್ಕ ವರ್ಷ ಆತು, ‘ರೀ ನೋಡ್ರಿ, ರೀ ನಿಂದರ್ರಿ’ ಅಂತ ಒದರಾಕತ್ತು. ಒಂದ ದಿನರ ಬ್ರೇಕ್ ಹಾಕೀರೇನು? ಮಗಳ ಸ್ಕೂಟಿ ಹೋತು, ತುಳಸೀಕಟ್ಟಿ ಹೋತು. ಇಂದ ಯಾರೋ ಒಬ್ಬಾಕಿ ‘ರೀ’ ಅಂದ್ರ ಎರಡ ಕಾಲಿಲೆ ತುಳೀತೀರಿ!”

ಬಳಗದ ಮಂದಿ ಒಬ್ಬೊಬ್ಬರಾಗಿ ಬೈಕ್ ಚಾಲೂ ಮಾಡಿದ್ರು.

ಎಂಟ ದಿನದಾಗ ಇಪ್ಪತ್ತೈದೂ ಡಬ್ಬಿ ಟ್ರ್ಯಾಕ್ಟರಿನ ಮ್ಯಾಲ ಕುಂತು. ಅಥಣಿಯಿಂದ ಬಂದ್ರು, ಕಾಗವಾಡದಿಂದ ಬಂದ್ರು. ಗಡಿ ಆಚೆ ಮಿರಜಿನ ಒಬ್ಬ ಡ್ರೈವರ್ “ಅಹೋ ವಾಲಾ ಆಹೇ ಕಾ?”, ‘ಅಹೋ’ ಅನ್ನೂದು ಐತೇನು ಅಂತ ಕೇಳಿ ಹೋದ. ಹಿಂದಿನ ಗ್ವಾಡಿ, ಬೈಕು, ಎಮ್ಮಿ ಎಲ್ಲಾ ಉಳದು. ಜಿನ್ನಪ್ಪ ನಡಿಯೂ ರೀತೀನ ಬದಲಾತು.

ಆದ್ರ ಒಂದ ದಿನ ಸಮಾಧಾನ ಅನ್ನೋ ಹವಾಲ್ದಾರ ಮಲಕಾರೀನ್ನ ಚಿಕ್ಕೋಡಿ ಸರ್ಕಲ್‌ದಾಗ ತಡದ ನಿಲ್ಲಿಸಿದ.

“ಇಳಿ ಕೆಳಗ. ಒಳಗ ಯಾವ ಹೆಣ್ಮಗಳನ್ನ ಇಟ್ಟಿ?”

“ಯಾರೂ ಇಲ್ರಿ ಸಾಹೇಬ್ರ, ಕಬ್ಬ ಐತ್ರಿ.”

“ಕಬ್ಬ ‘ಹಾಳ ಮಾಡ್ತೀರಲ್ರಿ’ ಅಂತ ಒದರತೈತೇನಲೇ?”

ಸಮಾಧಾನ ಒಂದ ತಾಸು ಕಬ್ಬಿನ ಸಂದ್ಯಾಗ ಹೆಣ್ಮಗಳನ್ನ ಹುಡಕಿದ. ಕಡೀಗೆ ಮಲಕಾರಿ ಗೇರ್ ಹಾಕಿ ತೋರಿಸಿದ. “ರೀ! ಏ ರೀ!” ಅಂದಕೂಡ್ಲೆ ಸಮಾಧಾನ ಗಾಬರಿಯಾಗಿ ಟೊಪಗಿ ಸರಿ ಮಾಡಿಕೊಂಡು, “ಬಂದೆ, ಬಂದೆ” ಅಂದ. ಆಮ್ಯಾಲ ಅತ್ತಾಗ ಇತ್ತಾಗ ನೋಡಿ, “ನಮ್ಮ ಜೀಪಿಗೆ ಹಚ್ತಾರೇನು ಕೇಳು,” ಅಂದ.

ಇಷ್ಟ ದಿನ ಕುಸುಮಾಗ ಇದರ ಸುದ್ದೀನ ಇರಲಿಲ್ಲ. ಆಕಿ ತಿಳಕೊಂಡದ್ದು ಹವಾಮಾನದ ದನಿ ತಿರಗಾಕತ್ತೈತಿ ಅಂತ. ಗುರುವಾರ ಸಂತಿಗೆ ಹೋದ್ಲು, ಜೋಡಿ ನನ್ನ ಹೆಂಡತಿ ರೂಪಾಲಿ ಇದ್ಲು. ಸಂತ್ಯಾಗ ನಾಲ್ಕ ಟ್ರ್ಯಾಕ್ಟರ್ ಒಮ್ಮೆಲೆ ರಿವರ್ಸ್ ತಗೊಂಡು. ನಾಲ್ಕ ದಿಕ್ಕಿನಿಂದ ಕುಸುಮಾನ ದನಿ: “ರೀ! ಏ ರೀ! ಕಣ್ಣ ಎಲ್ಲಿಟ್ಟೀರಿ?” ನಾಲ್ಕೂ ಡ್ರೈವರ್‌ಗೋಳು ಗಪ್ಪನ ಬ್ರೇಕ್ ಹಾಕಿ, ವಿಧೇಯರಾಗಿ ಹಿಂದ ನೋಡಿದ್ರು. ಬದನೀಕಾಯಿ ಮಾರೋ ಮುದಕಿ ಕುಸುಮಾನ ಮಾರಿ ನೋಡಿ, “ಯವ್ವಾ, ನಿನಗ ಗಂಡಂದ್ರ ಎಷ್ಟ ಮಂದಿ ಬೇ?” ಅಂತ ಕೇಳಿದ್ಲು.

ಅವತ್ತ ಸಂಜೀಕ ಅಂಗಡಿ ಮುಂದ ನಿಂತ ಕುಸುಮಾ ಹೇಳಿದ್ದನ್ನ ಅಕ್ಷರ ಬಿಡದ ಬರೀತೀನಿ. “ಹದಿನೆಂಟ ವರ್ಷದಿಂದ ನಾ ನಿಮಗೊಬ್ಬರಿಗೆ ಅಂತ ಇಟ್ಟಿದ್ದ ಮಾತ ಅದು. ಇಪ್ಪತ್ತೈದ ಮಂದಿಗೆ ಹಂಚೀರಿ. ರಾಯಬಾಗದ ರಿವರ್ಸ್ ಸ್ಪರ್ಧೆ ಬರೂದ್ರೊಳಗ ನನ್ನ ‘ರೀ’ ನನಗ ವಾಪಸ್ ಬೇಕು. ಒಂದ ಡಬ್ಬಿಯೊಳಗೂ ಉಳೀಬಾರದು. ಉಳೀತೋ, ನಾ ನಿಪ್ಪಾಣಿ ತವರಮನಿಗೆ ಹೋಗಾಕಿ. ಅಲ್ಲೀತನಕ ನಿಮಗ ‘ರೀ’ ಅನ್ನೂದೂ ಇಲ್ಲ.”

ಅನ್ನಲೂ ಇಲ್ಲ. ಮರದಿನದಿಂದ “ಅಹೋ” ಅಂತ ಕರಿಯಾಕ ಹತ್ತಿದ್ಲು. ಜಿನ್ನಪ್ಪ ಯಾರೋ ಮರಾಠಿ ಗಿರಾಕಿ ಬಂದಾರಂತ ತಿಳದು ಎರಡ ದಿನ ಊಟಕ್ಕ ಏಳಲಿಲ್ಲ.

ಪಾಪ, ಆಂವ ಏನ ಮಾಡಬೇಕ್ರಿ? ಹೆಂಡತಿ ಮಾತ ಕೇಳಿದ್ರ ಬಳಗದ ನಂಬಿಕಿ ಹೋಗತೈತಿ. ಬಳಗದ ಮಾತ ಕೇಳಿದ್ರ ಹೆಂಡತಿ ಹೋಗತಾಳ. ಡ್ರೈವರ್‌ಗೋಳ ಮನಿಮನಿಗೆ ಹೋಗಿ ಕೈ ಮುಗದ. “ಡಬ್ಬಿ ಮುಟ್ಟಿದ್ರ ಕೈ ಮುರೀತೀನಿ,” ಅಂದ ಲಗಮಣ್ಣ. “ಕುಸುಮಾ ನನಗ ತಂಗಿ ಇದ್ದಂಗ. ಆದ್ರ ಆ ದನಿ ನಂಬೀನಿ ನಾ.”

ತಂಗಿ ಅಂದದ್ದರಿಂದ ಜಿನ್ನಪ್ಪಗ ಒಂದ ಉಪಾಯ ಹೊಳೀತು. ಕುಸುಮಾನ ಕಾಡಿ ಬೇಡಿ ‘ರೀ’ ಬದಲ ‘ಅಣ್ಣಾ’ ಅನಿಸಿದ. “ಅಣ್ಣಾ, ಹಿಂದ ನೋಡಪಾ ಅಣ್ಣಾ!” ಅಂತ. ಮಲಕಾರಿ ಪರೀಕ್ಷಾ ಮಾಡಾಕ ಒಪ್ಪಿದ. ಗೇರ್ ಹಾಕಿದ, ಡಬ್ಬಿ ‘ಅಣ್ಣಾ’ ಅಂತು, ಮಲಕಾರಿ ಮಾರಿ ಅರಳಿಸಿ, “ಏನವಾ ತಂಗಿ” ಅಂತ ನಕ್ಕೊಂತ ಹೋಗಿ ನನ್ನ ಅಂಗಡಿ ಕಟ್ಟಿಗೆ ಗುದ್ದಿದ. ಆ ಕಟ್ಟಿ ಇನ್ನೂ ಹಂಗ ಐತಿ, ಬಂದ್ರ ತೋರಿಸ್ತೀನಿ.

ರಾಯಬಾಗ ಸ್ಪರ್ಧೆ ಬಂತು. ಊರ ಹೊರಗ ಕಬ್ಬ ಕಡದ ಖಾಲಿ ಹೊಲದಾಗ ಹಗ್ಗಾ ಕಟ್ಟಿ, ಮಂಡಪ ಹಾಕಿ, ಮೈಕ್ ಹಚ್ಚಿದ್ರು. ಹನ್ನೊಂದ ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದು, ಎಲ್ಲಾದ್ರ ಮ್ಯಾಲೂ ಡಬ್ಬಿ. ಮುಂಜಾನೆ ಡ್ರೈವರ್‌ಗೋಳು ಉಪ್ಪಿಟ್ಟು ತಿನ್ನಾಕ ಹೋದಾಗ ಜಿನ್ನಪ್ಪ ಕಳ್ಳ ಹೊಕ್ಕಂಗ ಹೊಕ್ಕು, ಹನ್ನೊಂದ ಡಬ್ಬಿಯೊಳಗೂ ‘ರೀ’ ತಗದು ಹವಾಮಾನ ತುಂಬಿದ. ಉಳದ ಹದಿನಾಕು ಹಿಂದಾಗಡೆ ನೋಡಿಕೊಂಡ್ರಾತು ಅಂದ. ನಾ ಕಾವಲ ನಿಂತಿದ್ನಿ, ಸುಳ್ಳ ಯಾಕ ಹೇಳಲಿ.

ಕುಸುಮಾ ತಪಾಸಣಿಗೆ ಬಂದ್ಲು. ಒಬ್ಬಾಕೀನ ಬರಲಿಲ್ಲ, ರೂಪಾಲೀನ್ನ ಕರಕೊಂಡ ಬಂದ್ಲು. ಗೌರಾಬಾಯಿ ಕಬ್ಬೂರಿಂದ ಒಂದ ಟೇಲರ್ ತುಂಬ ಹೆಣ್ಮಕ್ಕಳನ್ನ ಕರಕೊಂಡ ಬಂದಿದ್ಲು. ಮಂಡಪದಾಗ ಗಂಡಸರಿಗಿಂತ ಹೆಂಗಸರ ಜಾಸ್ತಿ ಇದ್ರು.

ಮೊದಲನೇ ಪಾಳಿ ಲಗಮಣ್ಣಂದು. ಎರಡ ಟೇಲರ್ ಜೋಡಿಸಿ ಗೇರ್ ಹಾಕಿದ.

“ಮಾನ್ಯರೇ, ವಾಹನವು ಹಿಮ್ಮುಖವಾಗಿ ಚಲಿಸುತ್ತಿದೆ.”

ಮಂದಿ ಹೊಟ್ಟಿ ಹಿಡಕೊಂಡ ನಕ್ಕರು. ವೃಷಭ ಮಾಸ್ತರು ಒಬ್ಬರ ಚಪ್ಪಾಳಿ ಹೊಡದ್ರು. ಲಗಮಣ್ಣಗ ಪಿತ್ತ ನೆತ್ತಿಗೇರಿತು. “ಜಿನ್ನಪ್ಪಾ, ಏನ ಮಾಡಿಟ್ಟಿಲೇ ಇದನ್ನ?” ಅಂತ ಡಬ್ಬಿ ಕಡೆ ನೋಡಿ ಬೈಕೊಂತ, ಟೇಲರ್ ಎತ್ತಾಗ ಹೊಂಟೈತಿ ಅನ್ನೂದನ್ನ ಮರತ. ಟೇಲರ್ ಹಗ್ಗಾ ಹರಕೊಂಡು ಸೀದಾ ಮಂಡಪದ ಮೂಲಿಗೆ ಹೊಂಟಿತು. ಆ ಮೂಲ್ಯಾಗ ನಮ್ಮ ಜಿನ್ನಪ್ಪ ಬೆನ್ನ ಮಾಡಿ ನಿಂತು, ಸ್ಪರ್ಧೆ ನೋಡಾಕ ಬಂದ ಯಾರೋ ಪಾಹುಣ್ಯಾರಿಗೆ ತನ್ನ ಸಂಶೋಧನೆ ತಿಳಿಸಿ ಹೇಳಾಕತ್ತಿದ್ದ. ಹಿಂದಿನಿಂದ “ದಯಮಾಡಿ ಎಚ್ಚರ ವಹಿಸಿರಿ” ಅಂತ ಕೇಳಿದ್ರ, ದನಿ ಎಷ್ಟ ಸ್ವಚ್ಛ ಬಂದೈತಿ ನೋಡ್ರಿ ಅಂತ ಅವರಿಗೆ ಹೇಳಿ ಹೆಮ್ಮಿಲೆ ನಕ್ಕ.

ನಾ ಒದರಾಕ ಹೋದ್ನಿ, ದನಿ ಬರಲಿಲ್ಲ.

“ರೀ!”

ಡಬ್ಬಿ ಅಲ್ಲ. ಖರೇ ಕುಸುಮಾ. ಆಣಿ, ಹಟಾ, ಎಲ್ಲಾ ಮರತ, ಕುರ್ಚಿ ಮ್ಯಾಲ ಎದ್ದ ನಿಂತ ಒದರಿದ್ಲು: “ರೀ! ಏ ರೀ! ಹಿಂದ ನೋಡ್ರಿ!”

ಲಗಮಣ್ಣ ಎರಡೂ ಕಾಲಿಲೆ ಬ್ರೇಕ್ ತುಳದ. ಸಾಲಿನಾಗ ಚಾಲೂ ಇದ್ದ ಹತ್ತೂ ಟ್ರ್ಯಾಕ್ಟರ್ ದಡಲ್ ದಡಲ್ ಅಂತ ನಿಂತು. ಚಾ ಸೋಸಾಂವ ಕಿಟ್ಲಿ ಬಿಟ್ಟು ಹಿಂದ ನೋಡಿದ. ಮೈಕ್ ಹಿಡದಾಂವ ಹಿಂದ ನೋಡಿದ. ಹವಾಲ್ದಾರ ಸಮಾಧಾನ ಹಿಂದ ನೋಡಿದ. ನಾನೂ ನೋಡಿದ್ನಿ. ಆ ಹೊಲದಾಗ ಇದ್ದ ಲಗ್ನಾದ ಗಂಡಸರು ಅಷ್ಟೂ ಮಂದಿ ಹಿ‌ಂದ ನೋಡಿದ್ರು. ನೋಡದಾಂವ ಅಂದ್ರ ಒಬ್ಬನ ಒಬ್ಬ, ಜಿನ್ನಪ್ಪ. ಅವನ ಕಿವಿಗೆ ಎಂದಿನಂಗ ದನಿ ಅಷ್ಟ ಬಿದ್ದಿತ್ತು, ಡಬ್ಬಿ ಒದರಾಕತ್ತೈತಿ ಅಂತ ತಿಳಕೊಂಡಿದ್ದ.

ಬ್ರೇಕ್ ಏನೋ ಬಿತ್ತು. ಹೊಲಕ್ಕ ನೀರ ಹೊಡದಿದ್ರು ನೋಡ್ರಿ, ಧೂಳ ಏಳಬಾರದಂತ. ಆ ಹಸಿ ಮಣ್ಣಾಗ ಹಿಂದಿನ ಟೇಲರ್ ಜಾರಕೊಂತ ಇನ್ನೂ ಸರಿಯಾಕತ್ತಿತ್ತು. ಒಂದ ಮಾರು ಉಳದಿತ್ತು. ಅರ್ಧಾ ಮಾರು.

“ಜಿನ್ನಪ್ಪಾ!” ಅಂತ ಚೀರಿದ್ಲು ಕುಸುಮಾ. “ಸರಿಯೋ ಜಿನ್ನಪ್ಪಾ!”

ಜಿನ್ನಪ್ಪ ಹಾರಿ ಬಿದ್ದ. ಟೇಲರ್ ಅಂವ ನಿಂತ ಜಾಗಾಕ್ಕ ಬಂದು, ಮಂಡಪದ ಗೂಟಕ್ಕ ಟಕ್ ಅಂತ ಮುಟ್ಟಿ ನಿಂತಿತು.

ಮಂದಿ ಎಲ್ಲಾ ಕುಸುಮಾನ ಕಡೆ ತಿರಗಿದ್ರು. ಟೇಲರ್ ಜಾರಿದ್ದಕ್ಕಲ್ಲ. ಹೆಂಡತಿ, ನೂರಾರ ಮಂದಿ ಮುಂದ, ಗಂಡನ ಹೆಸರ ಹಿಡದಿದ್ಲು. ಅದೂ ಏಕವಚನದಾಗ. ಕುಸುಮಾ ಸೆರಗಿಲೆ ಬಾಯಿ ಮುಚ್ಚಿಕೊಂಡು ಕುರ್ಚಿ ಮ್ಯಾಲ ಹಂಗ ಕುಂತ ಅಳಾಕ ಹತ್ತಿದ್ಲು. ಜಿನ್ನಪ್ಪ ಮೈ ತುಂಬ ಮಣ್ಣ ಮಾಡಿಕೊಂಡ ಎದ್ದ. ಒಮ್ಮೆ ಟೇಲರ್ ನೋಡಿದ, ಒಮ್ಮೆ ಹೆಂಡತೀನ್ನ ನೋಡಿದ. ಮೆತ್ತಗ ಅವಳ ಹತ್ತರ ಬಂದ.

“ಈಗ ಏನಂತ ಕರದಿ?”

“ತಪ್ಪಾತ್ರಿ. ಬಾಯಿಗೆ ಬಂದ ಬಿಟ್ಟಿತ್ರಿ.”

“ಇನ್ನೊಮ್ಮೆ ಕರಿ,” ಅಂದ ಜಿನ್ನಪ್ಪ. “ನನಗ ಕೇಳಿತು ಕುಸುಮಾ. ಪೂರಾ ಕೇಳಿತು.”

ಲಗಮಣ್ಣ ಟ್ರ್ಯಾಕ್ಟರ್ ಮ್ಯಾಲಿಂದ ಇಳದ ಬಂದ. ಬೈತಾನ ಅಂತ ಎಲ್ಲಾರೂ ಹಿಂದ ಸರದ್ರು. ಆಂವ ಸೊಂಟಕ್ಕ ಕೈ ಕೊಟ್ಟ ನಿಂತು, ನ್ಯಾಯ ಹೇಳೋ ಹಿರ್ಯಾನ ದನಿಯೊಳಗ ಹೇಳಿದ: “ತಂಗೀ, ನಿನ್ನ ‘ರೀ’ ನಿನಗ. ನಮಗ ಬ್ಯಾಡ. ಜಿನ್ನಪ್ಪಾ, ಡಬ್ಬಿಯೊಳಗ ಅವರವರ ಹೆಂಡರ ದನಿ ತುಂಬು. ‘ರೀ’ ಅಲ್ಲ, ಅವರವರ ಗಂಡನ ಹೆಸರ ತುಂಬು. ಮೊದಲನೇ ಡಬ್ಬಿ ನಂದು.”

“ಅಯ್ಯ!” ಅಂದ್ಲು ಗೌರಾಬಾಯಿ. “ಹೆಸರ ಹಿಡದ್ರ ನಿಮ್ಮ ಆಯುಷ್ಯ ಕಡಿಮಿ ಆಗತೈತಿ.”

“ಬ್ರೇಕ್ ಹಾಕಲಿಲ್ಲಂದ್ರ ಇನ್ನೂ ಕಡಿಮಿ ಆಗತೈತಿ. ಕರಿ!”

ಗೌರಾಬಾಯಿ ಮಾರಿ ಕೆಂಪಾತು. ನೆಲಾ ನೋಡಿದ್ಲು. ಪಕ್ಕದಾಕಿ ಮೊಣಕೈಲೆ ತಿವಿದ್ಲು. “ಲಗಮಣ್ಣ,” ಅಂದ್ಲು, ನೊಣ ಕೂಡಾ ಕೇಳಬಾರದಂಗ.

“ಡಬ್ಬಿಗೆ ಅಷ್ಟ ಸಾಲೂದಿಲ್ಲ!”

“ಲಗಮಣ್ಣಾ!” ಅಂತ ಗೌರಾಬಾಯಿ ಇಪ್ಪತ್ನಾಲ್ಕ ವರ್ಷದ್ದೆಲ್ಲಾ ಕೂಡಿಸಿ ಒದರಿದ್ಲು. “ಏ ಲಗಮಣ್ಣಾ! ಆ ಸ್ಕೂಟಿ ಯಾವಾಗ ರಿಪೇರಿ ಮಾಡಸ್ತೀ?”

“ನಾಳೇನ,” ಅಂದ ಲಗಮಣ್ಣ, ನಿಂತಲ್ಲೇ ಕೈ ಕಟ್ಟಿ.

ಅಲ್ಲಿಗೆ ಕಟ್ಟಿ ಒಡೀತು ನೋಡ್ರಿ. ಮಂಡಪದ ತುಂಬ ಹೆಣ್ಮಕ್ಕಳು ಎದ್ದ ನಿಂತ್ರು. “ಮಲಕಾರೀ!” ಅಂತ ಒಬ್ಬಾಕಿ, “ಅಮಿತಾ!” ಅಂತ ಇನ್ನೊಬ್ಬಾಕಿ. ಹೆಸರ ಕರೆಯೂದು, ನಗೂದು, ಒಬ್ಬರ ಮೈಮ್ಯಾಲ ಒಬ್ಬರು ಬೀಳೂದು, ಮತ್ತ ಕರೆಯೂದು. ಡ್ರೈವರ್‌ಗೋಳು ಟ್ರ್ಯಾಕ್ಟರಿನಿಂದ ಟಪಟಪ ಇಳದ, ಸಾಲ್ಯಾಗ ಹಾಜರಿ ಕೂಗಿದ್ರ ಹುಡುಗರು ನಿಂತಂಗ ಸಾಲಾಗಿ ನಿಂತ್ರು. ಹವಾಲ್ದಾರ ಸಮಾಧಾನನ ಹೆಂಡತಿ ಎಲ್ಲಿದ್ಲೋ ಏನೋ, “ಸಮಾಧಾನ!” ಅಂತ ಕೇಳಿದ್ದ ತಡ ಆಂವ ಸಲ್ಯೂಟ್ ಹೊಡದ. ಸ್ಪರ್ಧೆ ಅವತ್ತ ಆಗಲೇ ಇಲ್ಲ. ಜಿನ್ನಪ್ಪನ ಸುತ್ತ ಹೆಂಗಸರು ಮುತ್ತಿಗಿ ಹಾಕಿ “ನಂದ ಮೊದಲ ತುಂಬ್ರಿ, ನಂದ ಮೊದಲ ತುಂಬ್ರಿ” ಅಂತ ಮೊಬೈಲಿಗೆ ಬಾಯಿ ಹಚ್ಚಾಕತ್ತಿದ್ರು. ಕುಸುಮಾ ಕಣ್ಣ ಒರಿಸಿಕೊಂಡು ಎಲ್ಲಾರನ್ನೂ ಪಾಳಿಗೆ ಹಚ್ಚಿದ್ಲು.

ನಾ ಒಂದ ಕಡೆ ನಿಂತ ನಗಾಕತ್ತಿದ್ನಿ. ಊರ ಮಂದಿಗೆಲ್ಲಾ ನಾ ಟೇಲರ್. ಗಿರಾಕಿಗೆ ಟೇಲರ್, ಜಿನ್ನಪ್ಪಗ ಟೇಲರ್, ಮಕ್ಕಳ ಸಾಲ್ಯಾಗ ಟೇಲರ್ ಅಪ್ಪಾ. ಅವ್ವ ಹೋದ ಮ್ಯಾಲ ನನ್ನ ಹೆಸರ ಹಿಡದ ಕರಿಯೋ ಜೀವ ಈ ಭೂಮಿ ಮ್ಯಾಲ ಒಂದೂ ಉಳದಿರಲಿಲ್ಲ, ಅದು ನನಗ ನೆನಪೂ ಇರಲಿಲ್ಲ.

“ಶಾಂತಿನಾಥಾ,” ಅಂದ್ರು ಯಾರೋ ಹಿಂದಿನಿಂದ, ಸಣ್ಣ ದನಿಯೊಳಗ.

ತಿರಗಿದ್ನಿ. ರೂಪಾಲಿ ನಿಂತಿದ್ಲು. ಸೆರಗ ತುದಿ ಬೆರಳಿಗೆ ಸುತ್ತಿಕೊಂಡು, ನಾಚಿಕೊಂಡು, ನೆಲ ನೋಡಿಕೊಂತ.

“ಏನ?” ಅಂದ್ನಿ.

“ಏನಿಲ್ರಿ,” ಅಂದ್ಲು. “ಸುಮ್ಮನ ಕರದ್ನಿ.”